ಪಿಕಪ್ ಎಳೆಯದಿದ್ದಾಗ: ಟರ್ಬೊ ಗಾಳಿ ಎಲ್ಲಿ ಸೋರುತ್ತಿದೆ ಎಂದು ಹುಡುಕಿದ ಬಗೆ

ಪಾಂಡವಪುರ ಕಡೆಯ ಆಲೆಮನೆಗಳಿಂದ ಮಂಡ್ಯದ ಎ.ಪಿ.ಎಂ.ಸಿ. ಮಾರುಕಟ್ಟೆಗೆ ಬೆಲ್ಲ ಸಾಗಿಸುವ ನಮ್ಮ ಡೀಸೆಲ್ ಪಿಕಪ್, ಖಾಲಿ ಓಡುವಾಗ ಯಾವ ದೋಷವನ್ನೂ ತೋರಿಸುತ್ತಿರಲಿಲ್ಲ. ಬೆಳಗಿನ ಚಳಿಯಲ್ಲೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿತ್ತು, ನಿಂತಲ್ಲಿ ಎಂಜಿನ್ ನಡುಗುತ್ತಿರಲಿಲ್ಲ, ಆಯಿಲ್ ಕಡಿಮೆಯಾಗುತ್ತಿರಲಿಲ್ಲ. ಲೋಡು ಹೇರಿ ಏರು ಹತ್ತಿಸಿದಾಗ ಮಾತ್ರ ತೊಂದರೆ ಕಾಣಿಸುತ್ತಿತ್ತು: ಮೊದಲು ನಾಲ್ಕನೇ ಗೇರಿನಲ್ಲಿ ಸಲೀಸಾಗಿ ಹತ್ತುತ್ತಿದ್ದ ಜಾಗದಲ್ಲಿ ಮೂರಕ್ಕೆ ಇಳಿಸಬೇಕಾಗುತ್ತಿತ್ತು, ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ ವೇಗ ಏರುವುದಕ್ಕೆ ಬದಲು ಹಿಂದೆ ಕಪ್ಪು ಹೊಗೆ ಏಳುತ್ತಿತ್ತು. ಗಾಡಿ ಓಡಿಸುವ ನನ್ನ ತಮ್ಮ, "ಅಣ್ಣಾ, ಗಾಡಿ ಎಳೀತಿಲ್ಲ, ಬರೀ ಹೊಗೆ ಕಾರ್ತದೆ, ಬಾನೆಟ್ ಒಳಗೆ ಸುಯ್ ಅಂತ ಗಾಳಿ ಸದ್ದು ಬತ್ತದೆ" ಎಂದು ಹೇಳಿದ. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹತ್ತಿಕೊಂಡಿತು. ಅದು ಹತ್ತಿದಾಗಲೆಲ್ಲ ಗಾಡಿ ಅರ್ಧ ಶಕ್ತಿಗೆ ಇಳಿದು, ಇಗ್ನಿಷನ್ ಆಫ್ ಮಾಡಿ ಮತ್ತೆ ಆನ್ ಮಾಡುವವರೆಗೂ ಹಾಗೆಯೇ ಉಳಿಯುತ್ತಿತ್ತು.

ಮೊದಲು ತೋರಿಸಿದ ವರ್ಕ್‌ಶಾಪಿನಲ್ಲಿ ಬಾನೆಟ್ ಎತ್ತಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊದಿಂದ ಹೊರಡುವ ಹೋಸಿನ ಮೇಲೆ ಆಯಿಲ್ ಜಿಡ್ಡು ಕಂಡ ಕೂಡಲೇ, ಟರ್ಬೊ ಸೀಲ್ ಹೋಗಿದೆ, ಇಡೀ ಟರ್ಬೊ ಬದಲಾಯಿಸಬೇಕು ಎಂದರು. ಟರ್ಬೊ ಅಗ್ಗದ ವಸ್ತುವಲ್ಲ. ಅದಕ್ಕಿಂತ ಮುಖ್ಯವಾಗಿ, ಟರ್ಬೊ ಏಕೆ ಹೋಯಿತು ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗಲಿಲ್ಲ. ಆದ್ದರಿಂದ ನಾನು ಗಾಡಿಯನ್ನು ಅಲ್ಲಿ ಬಿಡದೆ, ಮಂಡ್ಯದಲ್ಲಿ, ಗಾಡಿಯ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಸ್ಕ್ಯಾನರ್ ಇಟ್ಟುಕೊಂಡು ಕೆಲಸ ಮಾಡುವ, ಕೇಳಿದ್ದಕ್ಕೆ ತಾಳ್ಮೆಯಿಂದ ವಿವರಿಸುವ ಒಬ್ಬ ಮೆಕ್ಯಾನಿಕ್ ಬಳಿಗೆ ಹೋದೆ. ಇಲ್ಲಿ ಬರೆಯುತ್ತಿರುವುದು ಅವರ ಜೊತೆ ನಿಂತು ಮಾಡಿದ, ಕೆಲವನ್ನು ನನ್ನ ಕೈಯಿಂದಲೇ ಮಾಡಿದ ಪರೀಕ್ಷೆಗಳ ವಿವರ.

ಸೋರಿಕೆ ಎಂಬುದು ಏಕೆ ಹೊಗೆಯಾಗಿ ಕಾಣುತ್ತದೆ ಎಂಬುದನ್ನು ಮೊದಲು ಹೇಳಬೇಕು. ಎಂಜಿನ್ ಹೊರಬಿಡುವ ಬಿಸಿ ಅನಿಲ ಟರ್ಬೊದ ಒಂದು ಬದಿಯ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು ಒತ್ತುತ್ತದೆ. ಪೂರ್ತಿ ಲೋಡಿನಲ್ಲಿ ಆ ಶಾಫ್ಟ್ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಒತ್ತಿದ ಗಾಳಿ 100 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾಗುವುದರಿಂದ ಅದನ್ನು ಇಂಟರ್‌ಕೂಲರಿನ ಮೂಲಕ ಹಾಯಿಸಿ, ತಣಿಸಿ, ದಟ್ಟವಾಗಿಸಿ ಎಂಜಿನ್ನಿಗೆ ಕಳಿಸಲಾಗುತ್ತದೆ. ಏರ್ ಫಿಲ್ಟರಿನ ಪಕ್ಕದಲ್ಲಿರುವ ಸೆನ್ಸರ್ ಒಳಗೆ ಬಂದ ಗಾಳಿಯನ್ನು ಅಳೆದು, ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇ.ಸಿ.ಯು.ಗೆ ತಿಳಿಸುತ್ತದೆ, ಇ.ಸಿ.ಯು. ಆ ಗಾಳಿಗೆ ತಕ್ಕಷ್ಟು ಡೀಸೆಲ್ ಬಿಡುತ್ತದೆ. ಅಳೆದ ಮೇಲೆ, ಎಂಜಿನ್ ಸೇರುವ ಮೊದಲು, ದಾರಿಯಲ್ಲಿ ಗಾಳಿ ಸೋರಿಹೋದರೆ ಡೀಸೆಲ್ ಮಾತ್ರ ಲೆಕ್ಕದಂತೆ ಬೀಳುತ್ತದೆ, ಅದನ್ನು ಉರಿಸಲು ಬೇಕಾದ ಗಾಳಿ ಇರುವುದಿಲ್ಲ. ಉರಿಯದೆ ಉಳಿದದ್ದೇ ಕಪ್ಪು ಹೊಗೆ. ಏರಿ ಒಡೆದ ನಾಲೆಗೆ ತೂಬಿನಲ್ಲಿ ಎಷ್ಟು ನೀರು ಬಿಟ್ಟರೂ ಕೊನೆಯ ಭಾಗದ ಗದ್ದೆಗೆ ತಲುಪದು ಎಂಬುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯೂ ಆಗುವುದು ಅದೇ.

ಇದರಲ್ಲಿ ಇನ್ನೊಂದು ಅಪಾಯವೂ ಇದೆ. ಕೇಳಿದಷ್ಟು ಒತ್ತಡ ಬರುತ್ತಿಲ್ಲ ಎಂದು ಕಂಡ ಇ.ಸಿ.ಯು., ಟರ್ಬೊವನ್ನು ಇನ್ನೂ ಜೋರಾಗಿ ತಿರುಗಿಸಲು, ಅದರ ವೇಗವನ್ನು ಹೊಂದಿಸುವ ಆಕ್ಚುಯೇಟರಿಗೆ ಆಜ್ಞೆ ಕೊಡುತ್ತಲೇ ಇರುತ್ತದೆ. ಸೋರುವ ಗಾಳಿಯನ್ನು ತುಂಬಿಕೊಡಲು ಹೋಗಿ ಟರ್ಬೊ ತನ್ನ ಮಿತಿಗಿಂತ ಹೆಚ್ಚು ವೇಗದಲ್ಲಿ ದುಡಿಯುತ್ತದೆ, ಬಿಸಿಯಾಗುತ್ತದೆ, ಬೇರಿಂಗ್ ಸವೆಯುತ್ತದೆ. ಸೋರಿಕೆ ಹಾಗೆಯೇ ಉಳಿದಿರುವ ಗಾಡಿಗೆ ಹೊಸ ಟರ್ಬೊ ಕೂರಿಸಿದರೆ ಆ ಹೊಸದೂ ಅದೇ ಹಾದಿ ಹಿಡಿಯುತ್ತದೆ. ಹೀಗಾಗಿ ಟರ್ಬೊ ಹೋಗಿದೆ ಎಂದು ತೀರ್ಮಾನಿಸುವ ಮೊದಲು ಗಾಳಿಯ ದಾರಿಯನ್ನು ಒತ್ತಡ ಹಾಕಿ ಪರೀಕ್ಷಿಸಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೆಕ್ಯಾನಿಕ್ ಮೊದಲು ಸ್ಕ್ಯಾನರ್ ಹಾಕಿದರು. ದಾಖಲಾಗಿದ್ದ ಕೋಡ್ ಪಿ 0299, ಅಂದರೆ ಟರ್ಬೊ ಒತ್ತಡ ಇರಬೇಕಾದದ್ದಕ್ಕಿಂತ ಕಡಿಮೆ ಇದೆ ಎಂಬುದು. ಕೋಡ್ ಕಾಯಿಲೆಯ ಲಕ್ಷಣವನ್ನು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಆದ್ದರಿಂದ ಅವರು ಕೋಡನ್ನು ಬದಿಗಿಟ್ಟು ಸೆನ್ಸರುಗಳು ಆ ಕ್ಷಣದಲ್ಲಿ ಕೊಡುವ ಅಂಕಿಗಳನ್ನು ತೋರಿಸುವ ಲೈವ್ ಡೇಟಾ ತೆರೆದರು. ಎಂಜಿನ್ ಆಫ್ ಇದ್ದು ಇಗ್ನಿಷನ್ ಮಾತ್ರ ಆನ್ ಇದ್ದಾಗ, ವಾಯುಭಾರ ತೋರಿಸುವ ಸೆನ್ಸರ್ ಮತ್ತು ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ ತೋರಿಸುವ ಮ್ಯಾಪ್ ಸೆನ್ಸರ್ ಎರಡೂ ಒಂದೇ ಅಂಕಿ ತೋರಿಸಬೇಕು. ಸಮುದ್ರಮಟ್ಟದಲ್ಲಿ ಆ ಅಂಕಿ ಸುಮಾರು 101 ಕಿಲೋಪ್ಯಾಸ್ಕಲ್. ನಮ್ಮ ಊರು ಎತ್ತರದಲ್ಲಿರುವುದರಿಂದ ಮಂಡ್ಯದಲ್ಲಿ 93ರ ಆಸುಪಾಸಿನಲ್ಲಿ ನಿಂತಿತು. ಎರಡೂ ಹೊಂದಿದ್ದರಿಂದ ಸೆನ್ಸರುಗಳು ಸರಿಯಾಗಿವೆ ಎಂದು ನಂಬಿ ಮುಂದಕ್ಕೆ ಹೋಗಬಹುದಾಗಿತ್ತು. ಮ್ಯಾಪ್ ಸೆನ್ಸರ್ ತೋರಿಸುವುದು ವಾಯುಭಾರವನ್ನೂ ಸೇರಿಸಿದ ಒಟ್ಟು ಒತ್ತಡ. ಅದರಿಂದ ಆ 93ನ್ನು ಕಳೆದರೆ ಉಳಿಯುವುದೇ ಟರ್ಬೊದ ದುಡಿಮೆ.

ನಿಂತಲ್ಲಿ ಆಕ್ಸಿಲರೇಟರ್ ಕೊಟ್ಟು ಟರ್ಬೊ ಪರೀಕ್ಷಿಸುವವರಿದ್ದಾರೆ. ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ಎಂಜಿನ್ನಿನ ಮೇಲೆ ಭಾರ ಬೀಳದೆ ಪೂರ್ಣ ಒತ್ತಡ ಹುಟ್ಟುವುದೇ ಇಲ್ಲ. ನಾವು ಲೋಡು ಸಮೇತ ಜಕ್ಕನಹಳ್ಳಿ ಕಡೆಯಿಂದ ಮೇಲುಕೋಟೆಯ ಏರಿಗೆ ಗಾಡಿ ಹತ್ತಿಸಿದೆವು. ತಮ್ಮ ಓಡಿಸಿದ, ಮೆಕ್ಯಾನಿಕ್ ಪಕ್ಕದಲ್ಲಿ ಸ್ಕ್ಯಾನರ್ ಹಿಡಿದು ಅಂಕಿಗಳನ್ನು ದಾಖಲಿಸಿಕೊಂಡರು. ಏರಿನಲ್ಲಿ ಪೂರ್ತಿ ಆಕ್ಸಿಲರೇಟರಿನಲ್ಲಿ ಇ.ಸಿ.ಯು. ಕೇಳುತ್ತಿದ್ದದ್ದು 215 ಕಿಲೋಪ್ಯಾಸ್ಕಲ್, ಮ್ಯಾನಿಫೋಲ್ಡಿಗೆ ಬರುತ್ತಿದ್ದದ್ದು 160. ಟೈರ್ ಗಾಳಿಯ ಲೆಕ್ಕದಲ್ಲಿ ಹೇಳುವುದಾದರೆ 17 ಪಿ.ಎಸ್.ಐ.ಗೂ ಹೆಚ್ಚು ಒತ್ತಡ ಬರಬೇಕಾದ ಕಡೆ 10 ಪಿ.ಎಸ್.ಐ. ಕೂಡ ತುಂಬುತ್ತಿರಲಿಲ್ಲ.

ಈ ಹಂತದಲ್ಲಿ ಅವರು ಗಮನಿಸಿದ ಒಂದು ಸಂಗತಿಯೇ ಇಡೀ ಹುಡುಕಾಟಕ್ಕೆ ದಿಕ್ಕು ತೋರಿಸಿತು. ಮ್ಯಾನಿಫೋಲ್ಡಿನ ಒತ್ತಡ ಕಡಿಮೆಯಿದ್ದರೂ, ಏರ್ ಫಿಲ್ಟರಿನ ಬಳಿಯ ಸೆನ್ಸರ್ ಅಳೆಯುತ್ತಿದ್ದ ಗಾಳಿಯ ಪ್ರಮಾಣ ಕಡಿಮೆಯಿರಲಿಲ್ಲ. ಫಿಲ್ಟರ್ ಕಟ್ಟಿಕೊಂಡಿದ್ದರೆ ಅಥವಾ ಟರ್ಬೊ ನಿಜಕ್ಕೂ ಸೋತಿದ್ದರೆ ಎರಡೂ ಅಂಕಿಗಳು ಒಟ್ಟಿಗೆ ಕುಸಿಯಬೇಕಿತ್ತು. ಗಾಳಿ ಒಳಗೆ ಹೋಗುತ್ತಿದೆ, ಆದರೆ ಎಂಜಿನ್ ತಲುಪುತ್ತಿಲ್ಲ ಎಂದರೆ ನಡುವೆ ಎಲ್ಲೋ ಹೊರಗೆ ಹೋಗುತ್ತಿದೆ ಎಂದೇ ಅರ್ಥ. "ಟರ್ಬೊ ತನ್ನ ಕೆಲಸ ಮಾಡ್ತಾ ಇದೆ ಸಾರ್, ಮಾಡಿದ್ದು ದಾರೀಲಿ ಹೋಯ್ತಾ ಇದೆ" ಎಂದು ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಹಾಗೆಂದು ಟರ್ಬೊವನ್ನು ನೋಡದೆ ಬಿಡಲಿಲ್ಲ. ಎಂಜಿನ್ ತಣ್ಣಗಾದ ಮೇಲೆ, ಗಾಳಿ ಒಳಗೆ ಹೋಗುವ ಟರ್ಬೊ ಬಾಯಿಯ ಹೋಸ್ ಬಿಚ್ಚಿ, ಚಕ್ರದ ರೆಕ್ಕೆಗಳಲ್ಲಿ ಚಕ್ಕೆ ಎದ್ದಿಲ್ಲ, ಒಳಗೋಡೆಗೆ ಉಜ್ಜಿದ ಗುರುತಿಲ್ಲ ಎಂದು ಟಾರ್ಚ್ ಬಿಟ್ಟು ನೋಡಿದೆವು. ಶಾಫ್ಟನ್ನು ಬೆರಳಿನಲ್ಲಿ ಹಿಡಿದು ಅಲುಗಾಡಿಸಿದರೆ ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಟ ಇರುವುದು ಸಹಜ. ಹಿಂದಕ್ಕೂ ಮುಂದಕ್ಕೂ ಕೈಗೆ ತಿಳಿಯುವಷ್ಟು ಆಟ ಇದ್ದರೆ ಅಥವಾ ಚಕ್ರ ಗೋಡೆಗೆ ತಾಗಿದರೆ ಟರ್ಬೊ ಸವೆದಿದೆ ಎಂದು ತಿಳಿಯಬೇಕು. ನಮ್ಮದರಲ್ಲಿ ಅಂಥದ್ದು ಇರಲಿಲ್ಲ. ಆಕ್ಚುಯೇಟರಿಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪನ್ನು ಕೈಪಂಪಿಗೆ ಜೋಡಿಸಿ ಎಳೆದಾಗ ಕಡ್ಡಿ ಸರಾಗವಾಗಿ ಚಲಿಸಿ ನಿಂತಿತು, ವ್ಯಾಕ್ಯೂಮ್ ಇಳಿಯಲಿಲ್ಲ. ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸುತ್ತ ಮಸಿಯ ಗುರುತೂ ಕಾಣಲಿಲ್ಲ.

ಇನ್ನು ಹೋಸಿನ ಮೇಲಿನ ಆಯಿಲ್ ಜಿಡ್ಡಿನ ವಿಚಾರ. ಎಂಜಿನ್ನಿನ ಒಳಗಿನ ಆವಿಯನ್ನು ಹೊರಬಿಡುವ ಬ್ರೀದರ್ ಪೈಪ್ ಏರ್ ಫಿಲ್ಟರಿಗೂ ಟರ್ಬೊಗೂ ನಡುವೆ ಬಂದು ಸೇರುವುದರಿಂದ, ಆಯಿಲ್ ಆವಿ ಸ್ವಲ್ಪ ಸ್ವಲ್ಪವಾಗಿ ಗಾಳಿಯ ಜೊತೆ ಹೋಗಿ ಒಳಗಡೆ ತೆಳುವಾಗಿ ಅಂಟಿಕೊಳ್ಳುತ್ತದೆ. ಇದು ಇಂಥ ಹೆಚ್ಚಿನ ಡೀಸೆಲ್ ಗಾಡಿಗಳಲ್ಲಿ ಇರುವಂಥದ್ದೇ. ಆ ಜಿಡ್ಡು ಹೋಸಿನ ಹೊರಗೆ ಬಂದಿದೆ ಎಂದರೆ ಒಳಗಿನ ಗಾಳಿ ಹೊರಗೆ ಬರುವಾಗ ಅದನ್ನು ಎಳೆದು ತಂದಿದೆ. ರಸ್ತೆಯ ಧೂಳು ಅದಕ್ಕೆ ಮೆತ್ತಿಕೊಂಡು ಕಪ್ಪಾಗುತ್ತದೆ. ಒಂದೇ ಜಿಡ್ಡನ್ನು ನೋಡಿ ಒಬ್ಬರು ಟರ್ಬೊ ಹೋಗಿದೆ ಎಂದರು, ಇನ್ನೊಬ್ಬರು ಸೋರಿಕೆ ಇಲ್ಲೇ ಹತ್ತಿರದಲ್ಲಿದೆ ಎಂದರು. ಎರಡನೆಯವರು ಹೇಳಿದ್ದನ್ನು ಪರೀಕ್ಷಿಸಿ ನೋಡಬಹುದಾಗಿತ್ತು, ಅದಕ್ಕಾಗಿಯೇ ನನಗೆ ಅದು ಒಪ್ಪಿಗೆಯಾಯಿತು.

ಪರೀಕ್ಷೆಗೆ ಬೇಕಾದ ಸಾಮಾನು ಬಹಳ ಸರಳ. ಟರ್ಬೊ ಬಾಯಿಯ ಅಳತೆಗೆ ಹೊಂದುವ ಪಿ.ವಿ.ಸಿ. ಎಂಡ್ ಕ್ಯಾಪನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡು, ಅದರ ನಡುವೆ 11.5 ಮಿಲಿಮೀಟರ್ ತೂತು ಕೊರೆಸಿ, ಪಂಕ್ಚರ್ ಅಂಗಡಿಯಲ್ಲಿ ಸಿಗುವ ಟ್ಯೂಬ್‌ಲೆಸ್ ಟೈರಿನ ವಾಲ್ವನ್ನು ಅದರಲ್ಲಿ ಎಳೆದು ಕೂರಿಸಿದೆವು. ಒಂದು ತುಂಡು ಹೋಸ್ ಮತ್ತು ಎರಡು ಕ್ಲಿಪ್ಪುಗಳಿಂದ ಆ ಕ್ಯಾಪನ್ನು ಟರ್ಬೊದ ಬಾಯಿಗೇ ಬಿಗಿದೆವು. ಏರ್ ಫಿಲ್ಟರಿನ ಬಳಿ ಕಟ್ಟದೆ ಟರ್ಬೊ ಬಾಯಿಗೆ ಕಟ್ಟುವುದಕ್ಕೆ ಕಾರಣವಿದೆ: ಗಾಳಿ ಅಳೆಯುವ ನಾಜೂಕಾದ ಸೆನ್ಸರ್ ಮತ್ತು ಬ್ರೀದರ್ ಪೈಪ್ ಎರಡೂ ಪರೀಕ್ಷೆಯಿಂದ ಹೊರಗುಳಿಯುತ್ತವೆ. ಬ್ರೀದರ್ ಒಳಗೆ ಸೇರಿಕೊಂಡರೆ ಒತ್ತಡ ನೇರವಾಗಿ ಎಂಜಿನ್ನಿನ ತಳದ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಆಯಿಲ್ ಸೀಲುಗಳನ್ನು ತಳ್ಳಬಹುದು. ಟರ್ಬೊ ಶಾಫ್ಟಿನ ಸಂದಿಯಿಂದಲೂ ಅಷ್ಟಿಷ್ಟು ಗಾಳಿ ಕೆಳಗಿಳಿಯುತ್ತದೆ, ಆದ್ದರಿಂದ ಆಯಿಲ್ ತುಂಬುವ ಮುಚ್ಚಳವನ್ನೂ ತೆರೆದಿಟ್ಟೆವು.

ಎಚ್ಚರಿಕೆಯ ಮಾತೊಂದನ್ನು ಇಲ್ಲಿ ಹೇಳಲೇಬೇಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಟ್ಯಾಂಕಿನಲ್ಲಿ 100 ಪಿ.ಎಸ್.ಐ.ಗೂ ಹೆಚ್ಚು ಒತ್ತಡ ಇರುತ್ತದೆ. ಅದನ್ನು ನೇರವಾಗಿ ಬಿಟ್ಟರೆ ಕ್ಯಾಪ್ ಸಿಡಿದು ಮುಖಕ್ಕೆ ಬಡಿಯಬಹುದು, ಇಂಟರ್‌ಕೂಲರ್ ಬಿರಿಯಬಹುದು. ನಡುವೆ ರೆಗ್ಯುಲೇಟರ್ ಇರಬೇಕು, ಒತ್ತಡವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು, ಗಾಡಿ ಮಾಮೂಲಾಗಿ ಮಾಡುವ ಒತ್ತಡವನ್ನು ದಾಟಬಾರದು, ಕ್ಯಾಪಿನ ಎದುರಿಗೆ ಯಾರೂ ನಿಲ್ಲಬಾರದು.

ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮೊದಲು 5 ಪಿ.ಎಸ್.ಐ. ಬಿಟ್ಟೆವು. ಎಲ್ಲೂ ಸದ್ದಿಲ್ಲ. ಸೋಪಿನ ನೀರನ್ನು ಬ್ರಶ್ಶಿನಿಂದ ಪ್ರತಿ ಜೋಡಣೆಗೂ ಹಚ್ಚಿದೆ. ಮ್ಯಾಪ್ ಸೆನ್ಸರಿನ ಬುಡದಲ್ಲಿ ಸಾಸಿವೆ ಗಾತ್ರದ ಎರಡು ಮೂರು ಗುಳ್ಳೆಗಳು ಎದ್ದದ್ದು ಬಿಟ್ಟರೆ ಬೇರೇನೂ ಕಾಣಲಿಲ್ಲ. ಅದಕ್ಕೆ ಕಾರಣ ಒಣಗಿ ಗಟ್ಟಿಯಾದ ಓ-ರಿಂಗ್, ಅಂದರೆ ರಬ್ಬರ್ ಬಳೆ; ಬದಲಾಯಿಸಿದೆವು. ಆದರೆ ಅಷ್ಟು ಸಣ್ಣ ಸೋರಿಕೆಯಿಂದ ಅಷ್ಟೊಂದು ಒತ್ತಡ ನಷ್ಟವಾಗುವುದು ಸಾಧ್ಯವಿರಲಿಲ್ಲ. ಒತ್ತಡವನ್ನು 10ಕ್ಕೆ ಏರಿಸಿದ ತಕ್ಷಣ ತಮ್ಮ ಹೇಳಿದ್ದ ಅದೇ "ಸುಯ್" ಸದ್ದು ಎಂಜಿನ್ ಓಡದೆಯೇ ಕೇಳಿಸಿತು.

ಸದ್ದು ಬರುತ್ತಿದ್ದದ್ದು ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಬಿಸಿ ಬದಿಯ ಹೋಸಿನಿಂದ. ಮೇಲಿನಿಂದ ನೋಡಿದರೆ ಹೋಸ್ ಸರಿಯಾಗಿಯೇ ಇತ್ತು. ಅದರ ಬಾಗಿನ ಕೆಳಬದಿಗೆ ಕೈ ಹಾಕಿದಾಗ ಬೆರಳಿಗೆ ಗಾಳಿ ಚುಚ್ಚಿದಂತೆ ತಗುಲಿತು. ಅಲ್ಲಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುವ ಬದಲು ನೀರೇ ಹನಿಹನಿಯಾಗಿ ಸಿಡಿದು ಹಾರಿತು. ಹೋಸ್ ಬಿಚ್ಚಿ, ಡೀಸೆಲ್ ಬಟ್ಟೆಯಿಂದ ಜಿಡ್ಡು ಒರೆಸಿ, ಬೆಳಕಿಗೆ ಹಿಡಿದು ನೋಡಿದಾಗಲೂ ಅಲ್ಲಿ ಒಂದು ತೆಳು ಗೆರೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಹೊರಬದಿಗೆ ಬಗ್ಗಿಸಿದ ಮೇಲೆ ಗೆರೆ ಬಾಯಿ ತೆರೆಯಿತು: ಹೆಬ್ಬೆರಳ ಉಗುರಿನಷ್ಟು ಉದ್ದದ ಸೀಳು, ಅಂಚಿನಲ್ಲಿ ಹರಿದ ನೂಲಿನ ಪದರದ ಬಿಳಿ ಎಳೆಗಳು. ಕೈ ಬಿಟ್ಟರೆ ಮತ್ತೆ ತುಟಿ ಮುಚ್ಚಿಕೊಳ್ಳುತ್ತಿತ್ತು. ಖಾಲಿ ಗಾಡಿಯಲ್ಲಿ ದೋಷ ಕಾಣದೆ ಲೋಡಿನಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಿದ್ದದ್ದು ಏಕೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆ ಬೇಕಾಗಿರಲಿಲ್ಲ. ಎಂಜಿನ್ ಅಲುಗಿದಾಗಲೆಲ್ಲ ಹೋಸ್ ಒಂದು ಕಬ್ಬಿಣದ ಬ್ರಾಕೆಟ್ಟಿನ ಅಂಚಿಗೆ ಉಜ್ಜಿ ಉಜ್ಜಿ ಸೀಳಿತ್ತು; ಬ್ರಾಕೆಟ್ಟಿನ ಆ ಅಂಚು ಬಣ್ಣ ಹೋಗಿ ಹೊಳೆಯುತ್ತಿತ್ತು.

ಹೊಸ ಹೋಸಿನ ಆಯ್ಕೆಯಲ್ಲಿ ಎರಡು ದಾರಿಗಳಿದ್ದವು. ನೀಲಿ ಬಣ್ಣದ ಸಿಲಿಕಾನ್ ಹೋಸ್ ನೋಡಲು ಗಟ್ಟಿಮುಟ್ಟಾಗಿದ್ದು ಶಾಖವನ್ನೂ ತಡೆಯುತ್ತದೆ, ಆದರೆ ಬರಿಯ ಸಿಲಿಕಾನ್ ಆಯಿಲ್ ಜಿಡ್ಡಿಗೆ ಮೆತ್ತಗಾಗಿ ಪದರ ಬಿಡುತ್ತದೆ. ಒಳಗೆ ಫ್ಲೋರೋಸಿಲಿಕಾನ್ ಪದರ ಇರುವುದನ್ನೇ ಕೇಳಿ ತೆಗೆದುಕೊಳ್ಳಬೇಕು. ನಮ್ಮ ಗಾಡಿಯ ಬಾಗಿಗೆ ಸರಿಹೊಂದುವ ಅಂಥದ್ದು ಸಿಗದ ಕಾರಣ ಕಂಪನಿಯದೇ ಅಚ್ಚಿನ ರಬ್ಬರ್ ಹೋಸ್ ತರಿಸಿದೆವು. ಮಾಮೂಲಿ ಸ್ಕ್ರೂ ಕ್ಲಿಪ್ಪುಗಳ ಬದಲು, ಸುತ್ತಲೂ ಸಮನಾಗಿ ಬಿಗಿಯುವ ಟಿ-ಬೋಲ್ಟ್ ಕ್ಲಾಂಪ್ ಹಾಕಿದೆವು. ಹೋಸ್ ಸುಲಭವಾಗಿ ಏರಲಿ ಎಂದು ಕೆಲವರು ಒಳಗೆ ಗ್ರೀಸ್ ಹಚ್ಚುತ್ತಾರೆ; ಹಾಗೆ ಮಾಡಿದರೆ ಪೂರ್ತಿ ಒತ್ತಡ ಬಂದಾಗ ಹೋಸ್ ಜಾರಿ ಕಳಚಿಕೊಳ್ಳುತ್ತದೆ. ಪೈಪಿನ ತುದಿಯನ್ನೂ ಹೋಸಿನ ಒಳಬದಿಯನ್ನೂ ಜಿಡ್ಡಿಲ್ಲದಂತೆ ಒರೆಸಿ ಒಣಗಿಸಿಯೇ ಹಾಕಬೇಕು. ಬ್ರಾಕೆಟ್ಟಿನ ಅಂಚಿಗೆ ಹಳೆಯ ಟ್ಯೂಬಿನ ತುಂಡು ಸುತ್ತಿ, ನಡುವೆ ಬೆರಳು ತೂರುವಷ್ಟು ಅಂತರ ಬಿಟ್ಟೆವು.

ಸೀಳಿದ ಹೋಸ್ ಸಿಕ್ಕಿತಲ್ಲ, ಕೆಲಸ ಮುಗಿಯಿತು ಎಂದುಕೊಳ್ಳುವ ಜಾಗ ಇದು. ಮೆಕ್ಯಾನಿಕ್ ಹಾಗೆ ಮಾಡದೆ ಕ್ಯಾಪನ್ನು ಮತ್ತೆ ಕಟ್ಟಿ ಈ ಬಾರಿ 15 ಪಿ.ಎಸ್.ಐ.ವರೆಗೆ ಏರಿಸಿದರು. ಹೋಸ್ ಹಿಡಿದು ನಿಂತಿತು, ಆದರೂ ಗೇಜಿನ ಮುಳ್ಳು ಬೇಗ ಬೇಗ ಇಳಿಯುತ್ತಿತ್ತು. ಒತ್ತಡ ಒಂದಿಷ್ಟು ಇಳಿಯುವುದು ಸಹಜವೇ. ತೆರೆದಿರುವ ವಾಲ್ವು, ಪಿಸ್ಟನ್ ರಿಂಗುಗಳ ಸಂದಿಯಿಂದ ಗಾಳಿ ನುಸುಳುತ್ತದೆ, ಅದಕ್ಕೆ ಆಯಿಲ್ ಮುಚ್ಚಳದ ಬಾಯಲ್ಲಿ ಮೆಲ್ಲಗೆ ಉಸಿರಾಡಿದಂತಹ ಸದ್ದು ಬಂದರೆ ಗಾಬರಿಯಾಗಬೇಕಿಲ್ಲ. ಸೈಲೆನ್ಸರಿನ ಬಾಯಿಗೆ ಕೈ ಒಡ್ಡಿದಾಗಲೂ ಗಾಳಿ ತಗುಲಿತು. ಎಂಜಿನ್ನಿನ ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಸ್ವಲ್ಪ ತಿರುಗಿಸಿದ ಮೇಲೆ ಅದು ಬಹುಮಟ್ಟಿಗೆ ಕಡಿಮೆಯಾಯಿತು, ಅಂದರೆ ಯಾವುದೋ ಸಿಲಿಂಡರಿನ ಎರಡೂ ವಾಲ್ವುಗಳು ಒಟ್ಟಿಗೆ ತೆರೆದ ಸ್ಥಿತಿಯಲ್ಲಿದ್ದವು. ಪೂರ್ತಿ ನಿಲ್ಲಲಿಲ್ಲ ಎಂಬುದನ್ನೂ ಗುರುತು ಹಾಕಿಕೊಂಡೆವು. ಆದರೆ ಮುಳ್ಳು ಇಳಿಯುವ ವೇಗಕ್ಕೆ ಇಷ್ಟು ಕಾರಣ ಸಾಲದು ಎಂದು ಅವರು ಗ್ರಿಲ್ ಬಿಚ್ಚಿ, ಇಂಟರ್‌ಕೂಲರಿನ ಮುಂಭಾಗಕ್ಕೆ ಮೆತ್ತಿಕೊಂಡಿದ್ದ ಕಬ್ಬಿನ ತರಗನ್ನು ತೆಗೆದು, ಅದರ ಪ್ಲಾಸ್ಟಿಕ್ ಟ್ಯಾಂಕಿನ ಅಂಚಿಗೆ ಸೋಪಿನ ನೀರು ಬಿಟ್ಟರು. ಕೆಳಗಿನ ಮೂಲೆಯಲ್ಲಿ ನೊರೆ ನಿಧಾನವಾಗಿ ಉಬ್ಬಿಕೊಂಡು ಬಂತು.

ಇಂಟರ್‌ಕೂಲರನ್ನು ಬಿಚ್ಚಿ ಮೈಸೂರಿನ ಒಂದು ರೇಡಿಯೇಟರ್ ಅಂಗಡಿಗೆ ಒಯ್ದೆ. ಅಲ್ಲಿನ ಹಿರಿಯ ಕೆಲಸಗಾರರು ಅದರ ಎರಡೂ ಬಾಯಿಗಳನ್ನು ರಬ್ಬರ್ ಬಿರಡೆಯಿಂದ ಮುಚ್ಚಿ, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಅಲ್ಯೂಮಿನಿಯಂ ಅಂಚು ಪ್ಲಾಸ್ಟಿಕ್ ಟ್ಯಾಂಕನ್ನು ಮಡಿಸಿ ಹಿಡಿದಿರುವ ಸಾಲಿನಲ್ಲಿ, ಅದೇ ಮೂಲೆಯಿಂದ, ಗುಳ್ಳೆಗಳು ಎಳೆಯಾಗಿ ಎದ್ದವು. ಅಲ್ಯೂಮಿನಿಯಂ ಕೋರಿನಿಂದ ಒಂದೂ ಏಳಲಿಲ್ಲ. ಹೊರಗಿನಿಂದ ಅಂಟು ಹಚ್ಚಿ ಮುಚ್ಚಬಹುದೇ ಎಂದು ಕೇಳಿದೆ. "ಅಂಟು ನಿಲ್ಲಲ್ಲ ಸಾರ್. ಬಿಸಿ ಆಯ್ತದೆ, ತಣ್ಣಗಾಯ್ತದೆ, ಲೋಡ್ ಬಿದ್ರೆ ಬಿಟ್ಕೊಳ್ತದೆ" ಎಂದು ಅವರು ಮಡಿಕೆಗಳನ್ನು ಇಕ್ಕಳದಿಂದ ಒಂದೊಂದಾಗಿ ಬಿಡಿಸಿ, ಚಪ್ಪಟೆಯಾಗಿ ಗಟ್ಟಿಯಾಗಿದ್ದ ಗ್ಯಾಸ್ಕೆಟ್ ತೆಗೆದು, ಹೊಸದನ್ನು ಕೂರಿಸಿ ಮತ್ತೆ ಮಡಿಸಿದರು. ಅವರ ಕೈ ಎಲ್ಲೂ ಅವಸರಪಡಲಿಲ್ಲ, ಒಂದು ಮಡಿಕೆಯೂ ಮುರಿಯಲಿಲ್ಲ. ಮತ್ತೆ ತೊಟ್ಟಿಗೆ ಇಳಿಸಿದಾಗ ನೀರು ಅಲುಗಲಿಲ್ಲ. ಒಳಗೆ ಕೂತಿದ್ದ ಆಯಿಲನ್ನು ತೊಳೆದ ಮೇಲೆ, ತೊಳೆದ ದ್ರವದ ಒಂದು ಹನಿಯೂ ಉಳಿಯದಂತೆ ಗಾಳಿ ಹೊಡೆದು, ಬಿಸಿಲಿಗಿಟ್ಟು ಒಣಗಿಸಿದೆವು. ಇದು ಶುಚಿತ್ವಕ್ಕಾಗಿ ಮಾತ್ರ ಮಾಡುವ ಕೆಲಸವಲ್ಲ. ಇಂಟರ್‌ಕೂಲರಿನಲ್ಲಿ ನಿಂತ ಆಯಿಲ್ ಅಥವಾ ಸೀಮೆಎಣ್ಣೆಯನ್ನು ಡೀಸೆಲ್ ಎಂಜಿನ್ ಎಳೆದುಕೊಂಡರೆ ಅದನ್ನೇ ಇಂಧನವಾಗಿ ಉರಿಸಿ, ಕೀ ತೆಗೆದರೂ ನಿಲ್ಲದೆ ಓಡಬಲ್ಲದು.

ಎಲ್ಲವನ್ನೂ ಜೋಡಿಸಿ 15 ಪಿ.ಎಸ್.ಐ. ಬಿಟ್ಟಾಗ ಮುಳ್ಳು ನಿಧಾನವಾಗಿ ಇಳಿಯಿತು, ಸೋಪಿನ ನೀರು ಯಾವ ಜೋಡಣೆಯಲ್ಲೂ ನೊರೆಯಾಗಲಿಲ್ಲ. ಕೋಡ್ ಅಳಿಸಿ, ಅದೇ ತೂಕದ ಬೆಲ್ಲ ಹೇರಿ, ಅದೇ ಮೇಲುಕೋಟೆ ಏರಿಗೆ ಹತ್ತಿಸಿದೆವು. ಇ.ಸಿ.ಯು. 215 ಕೇಳಿದಾಗ ಮ್ಯಾನಿಫೋಲ್ಡಿನಲ್ಲಿ 210 ನಿಂತಿತು. ತಮ್ಮ ಗೇರ್ ಇಳಿಸಲಿಲ್ಲ, ಕನ್ನಡಿಯಲ್ಲಿ ಹೊಗೆ ಕಾಣಲಿಲ್ಲ, ಎಂಜಿನ್ ದೀಪವೂ ಹತ್ತಲಿಲ್ಲ. ಆ ಮೇಲೆ ಡೀಸೆಲ್ ಖರ್ಚೂ ಮೊದಲಿನ ಮಟ್ಟಕ್ಕೆ ಬಂದಿದೆ.

ಉಳಿದಿರುವ 5 ಕಿಲೋಪ್ಯಾಸ್ಕಲ್ ಕೊರತೆ, ಸುಟ್ಟ ಅನಿಲದ ಒಂದು ಪಾಲನ್ನು ಮತ್ತೆ ಎಂಜಿನ್ನಿನೊಳಕ್ಕೆ ಬಿಡುವ ಇ.ಜಿ.ಆರ್. ವಾಲ್ವಿನದು ಎಂಬುದು ಮೆಕ್ಯಾನಿಕ್ ಅಭಿಪ್ರಾಯ. ಸೋರಿಕೆಯ ಕಾಲದಲ್ಲಿ ಎದ್ದ ಮಸಿ ಆ ವಾಲ್ವಿನ ಪೀಠದಲ್ಲಿ ಕೂತು, ಅದು ಪೂರ್ತಿ ಮುಚ್ಚದಂತೆ ತಡೆದಿರಬೇಕು. ಕ್ರ್ಯಾಂಕ್ ತಿರುಗಿಸಿದ ಮೇಲೂ ಸೈಲೆನ್ಸರಿನಲ್ಲಿ ಗಾಳಿ ತಗುಲುತ್ತಿದ್ದದ್ದು ಅದಕ್ಕೆ ಹೊಂದುತ್ತದೆ. ಮುಂದಿನ ಆಯಿಲ್ ಬದಲಾವಣೆಗೆ ಗಾಡಿ ನಿಲ್ಲಿಸಿದಾಗ ಆ ವಾಲ್ವನ್ನು ಬಿಚ್ಚಿ ಮಸಿ ತೆಗೆಯುವುದೆಂದೂ, ಕೂರಿಸಿದ ಮೇಲೆ ಕ್ಯಾಪ್ ಕಟ್ಟಿ ಇನ್ನೊಮ್ಮೆ ಗಾಳಿ ಬಿಟ್ಟು ನೋಡುವುದೆಂದೂ ಮಾತಾಗಿದೆ.